ಗುಣವಾದ ಮೇಲೆ ಎರಡನೆಯ ಸಲ ರಕ್ತ ಏತಕ್ಕೆ ಕೇಳುತ್ತಾರೆ?

ಬದಿಯಡ್ಕದ ಕಡೆಯವರಾದ ನಿಮ್ಮ ತಂದೆ ಜ್ವರದಿಂದ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದಾಗ ಜ್ವರದ ಕಾರಣಗಳ ಅಧ್ಯಯನವೊಂದಕ್ಕೆ ಸಹಿ ಹಾಕಿ ರಕ್ತ ಕೊಟ್ಟರೆಂದೂ, ಗುಣವಾಗಿ ಮನೆಗೆ ಬಂದ ಮೇಲೆ ಎರಡು ವಾರ ಕಳೆದು ಮತ್ತೊಮ್ಮೆ ರಕ್ತ ಕೊಡಲು ಕರೆಯುತ್ತಿದ್ದಾರೆಂದೂ, ಜ್ವರವೇ ಇಲ್ಲದವರ ರಕ್ತ ಅವರಿಗೆ ಏತಕ್ಕೆಂದೂ ನೀವು ಕೇಳಿದ್ದೀರಿ. ನಾನು ಪೆರ್ಲದವಳು. ಇಂಥದೇ ಅಧ್ಯಯನವೊಂದರಲ್ಲಿ ನರ್ಸ್ ಆಗಿ ಏಳು ಮಳೆಗಾಲ ಕೆಲಸ ಮಾಡಿದ್ದೇನೆ. ಈ ಎರಡನೆಯ ರಕ್ತಕ್ಕಾಗಿ ನೂರಾರು ಮನೆಗಳಿಗೆ ನಾನೇ ಫೋನ್ ಮಾಡಿದ್ದೇನೆ.

ಮೊದಲು ಒಂದು ವಿಷಯವನ್ನು ನೇರವಾಗಿ ಹೇಳಬೇಕು. ಎರಡನೆಯ ರಕ್ತದಿಂದ ನಿಮ್ಮ ತಂದೆಯವರ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ. ಇಂಥ ಜ್ವರಗಳಲ್ಲಿ ಒಂದಾದ ಇಲಿಜ್ವರವನ್ನು (ಲೆಪ್ಟೊಸ್ಪೈರೋಸಿಸ್) ಉದಾಹರಣೆಗೆ ತೆಗೆದುಕೊಳ್ಳಿ. ಅದರ ಅನುಮಾನ ಬಂದರೆ ವೈದ್ಯರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಎಂಬ ಔಷಧಿಯನ್ನು ಆರಂಭಿಸುತ್ತಾರೆ, ಆರಂಭಿಸಲೇಬೇಕು. ಆದರೆ ಅವರಿಗೆ ಬಂದದ್ದು ನಿಜವಾಗಿಯೂ ಇಲಿಜ್ವರವೇ ಎಂಬುದು ಬಹಳ ಸಲ ಎರಡನೆಯ ರಕ್ತ ಬರುವವರೆಗೆ ತೀರ್ಮಾನವಾಗುವುದಿಲ್ಲ.

ಕಾರಣ ಇದು. ಇಲಿ, ದನ, ನಾಯಿಗಳ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೊಸ್ಪೈರ ಎಂಬ ರೋಗಾಣು, ತೋಟದ ಕಣಿಯಲ್ಲಿ ನಿಂತು ಕೆಲಸ ಮಾಡುವವರ ಒಡೆದ ಅಂಗಾಲಿನಿಂದಲೋ ಗಾಯದಿಂದಲೋ ದೇಹವನ್ನು ಹೊಕ್ಕು, ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ಜ್ವರ ತರುತ್ತದೆ. ಜ್ವರದ ಮೊದಲ ವಾರದಲ್ಲಿ ರೋಗಾಣು ರಕ್ತದಲ್ಲಿರುತ್ತದೆ, ಆದರೆ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಆಗ ಇನ್ನೂ ಕಾಣಿಸಿಕೊಂಡಿರುವುದಿಲ್ಲ. ಆದ್ದರಿಂದ ಮೂರನೆಯ ದಿನ ತೆಗೆದ ರಕ್ತದಲ್ಲಿ ಪ್ರತಿಕಾಯ ಇಲ್ಲವೆಂದು ಬಂದರೆ ರೋಗವಿಲ್ಲ ಎಂದು ಅರ್ಥವಲ್ಲ. ಇದರ ಮಗ್ಗುಲಲ್ಲೇ ಇನ್ನೊಂದು ತೊಡಕಿದೆ. ಮೂವತ್ತು ವರ್ಷ ಅಡಿಕೆ ತೋಟದಲ್ಲಿ ದುಡಿದವರ ರಕ್ತದಲ್ಲಿ ಎಂದೋ ಬಂದು ಹೋದ ಸೋಂಕಿನ ಪ್ರತಿಕಾಯ ಉಳಿದಿರಬಹುದು. ಹಾಗಾಗಿ ಒಂದೇ ಸಲ ತೆಗೆದ ರಕ್ತದಲ್ಲಿ ಅದು ಕಂಡರೂ ಈಗಿನ ಜ್ವರ ಅದರದ್ದೇ ಎನ್ನಲು ಬಾರದು. ಎರಡು ರಕ್ತಗಳನ್ನೂ ಪಕ್ಕಪಕ್ಕದಲ್ಲಿಟ್ಟು ಮ್ಯಾಟ್ ಎಂಬ ಪರೀಕ್ಷೆ ಮಾಡುತ್ತಾರೆ. ಜೀವಂತ ಲೆಪ್ಟೊಸ್ಪೈರದೊಡನೆ ರಕ್ತದ ತಿಳಿಯನ್ನು ಹಂತಹಂತವಾಗಿ ತೆಳುಗೊಳಿಸಿ ಬೆರೆಸಿ, ಎಷ್ಟು ತೆಳುವಾದರೂ ರೋಗಾಣುಗಳು ಗುಂಪುಗೂಡುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೊದಲ ರಕ್ತ 100 ಪಟ್ಟು ತೆಳುವಾಗುವವರೆಗೆ ಮಾತ್ರ ಕೆಲಸ ಮಾಡಿ, ಎರಡನೆಯದು 400 ಪಟ್ಟು ತೆಳುವಾದರೂ ಕೆಲಸ ಮಾಡಿದರೆ, ಅಂದರೆ ನಾಲ್ಕು ಪಟ್ಟು ಏರಿದ್ದರೆ, ರೋಗ ಖಚಿತ. ಒಂಟಿ ರಕ್ತದ ಎಷ್ಟೋ ಪ್ರಕರಣಗಳು 'ಅನುಮಾನ' ಎಂಬ ಅಂಕಣದಲ್ಲೇ ಉಳಿದುಬಿಡುತ್ತವೆ.

ಈಗ ನನ್ನನ್ನು ನಿಜವಾಗಿ ಕಾಡುವ ವಿಷಯಕ್ಕೆ ಬರುತ್ತೇನೆ. ಎರಡನೆಯ ಸಲ ಬಾರದವರು ಯಾರು ಎಂದು ನಾನು ಒಮ್ಮೆ ನಮ್ಮ ದಾಖಲೆ ಪುಸ್ತಕವನ್ನು ಹಿಡಿದು ಕುಳಿತು ನೋಡಿದೆ. ನಗರದ ರೋಗಿಗಳು ಬಹುಪಾಲು ಬಂದಿದ್ದರು. ಬಾರದವರಲ್ಲಿ ಕೇರಳ ಗಡಿಯ ತಲಪಾಡಿಯ ಈಚೆಯವರು, ಅಂದರೆ ನಮ್ಮ ಕಾಸರಗೋಡಿನ ಕಡೆಯವರು, ಹೆಚ್ಚು: ಜ್ವರದಿಂದ ಎದ್ದು ಇನ್ನೂ ನಿತ್ರಾಣವಿರುವಾಗ ಕುಂಬಳೆಯಲ್ಲಿ ಬಸ್ಸು ಬದಲಿಸಿ, ಒಂದು ದಿನದ ಕೂಲಿಯನ್ನು ಬಿಟ್ಟು ಬರುವುದು ಸುಲಭವಲ್ಲ. ಅವರನ್ನು ನಾನು ದೂಷಿಸಲಾರೆ. ಆದರೆ ಲೆಕ್ಕದಲ್ಲಿ ಆದದ್ದು ಏನೆಂದರೆ, ಖಚಿತವಾದ ಇಲಿಜ್ವರದ ಪಟ್ಟಿಯಲ್ಲಿ ನಗರದ ಚರಂಡಿಗಳ ಸುತ್ತಲಿನವರೇ ತುಂಬಿಕೊಂಡರು. ನಮ್ಮ ತೋಟ, ಗದ್ದೆ, ಮದಕಗಳ (ಸಣ್ಣ ಕೆರೆಗಳ) ಜನ 'ಅನುಮಾನ'ದಲ್ಲಿ ಉಳಿದರು. ಕೋಷ್ಟಕವನ್ನು ಮಾತ್ರ ಓದುವವರಿಗೆ ಇದು ಪೇಟೆಯ ಕಾಯಿಲೆಯಂತೆ ಕಾಣುತ್ತದೆ.

ಆಸ್ಪತ್ರೆಗೆ ಬಂದವರು ಊರಿನ ಪ್ರತಿಬಿಂಬವಲ್ಲ ಎಂಬ ಎಚ್ಚರಿಕೆಯನ್ನು ಜೋಸೆಫ್ ಬರ್ಕ್‌ಸನ್ ಎಂಬ ಅಮೆರಿಕದ ವೈದ್ಯ 1946ರಲ್ಲೇ ಕೊಟ್ಟಿದ್ದರು. ಗುಡ್ಡೆಯಾಚೆ ಮನೆಯಲ್ಲೇ ಮಲಗಿ ಗುಣವಾದವರೂ, ದಾರಿಯಲ್ಲೇ ತೀರಿಕೊಂಡವರೂ ನಮ್ಮ ಪುಸ್ತಕಕ್ಕೆ ಬರುವುದೇ ಇಲ್ಲ. ಬಂದವರಲ್ಲೂ ದೂರದವರು ಕಳಚಿಕೊಂಡರೆ ಚಿತ್ರ ಇನ್ನಷ್ಟು ವಾಲುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಇಲಿಜ್ವರ ಬರುತ್ತದೆ, ಸುಮಾರು 59 ಸಾವಿರ ಜನ ಸಾಯುತ್ತಾರೆ ಎಂಬ 2015ರ ಅಂದಾಜು ಕೂಡ ಇಂಥ ಸ್ಥಳೀಯ ಅಧ್ಯಯನಗಳನ್ನು ಪೋಣಿಸಿಯೇ ಮಾಡಿದ್ದು.

ರೋಗಿಗಳು ಕೊನೆಯವರೆಗೂ ಜೊತೆಗಿದ್ದರೆ ಏನು ಸಿಗುತ್ತದೆ ಎಂಬುದಕ್ಕೆ, ಪೊದೆಗಳಲ್ಲಿನ ಸೂಕ್ಷ್ಮ ಹುಳಗಳ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರ ಉದಾಹರಣೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನೇತೃತ್ವದಲ್ಲಿ ಭಾರತದ ಹಲವು ಆಸ್ಪತ್ರೆಗಳು ಈ ಜ್ವರ ತೀವ್ರವಾಗಿದ್ದ 794 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸಾವು, ಏಳನೆಯ ದಿನವೂ ಉಳಿದ ತೊಂದರೆ, ಐದನೆಯ ದಿನವೂ ಇಳಿಯದ ಜ್ವರ, ಇವುಗಳಲ್ಲಿ ಒಂದಾದರೂ ಆದವರು ಡಾಕ್ಸಿಸೈಕ್ಲಿನ್ ಮಾತ್ರ ಪಡೆದವರಲ್ಲಿ ಶೇ. 47, ಅಜಿತ್ರೋಮೈಸಿನ್ ಮಾತ್ರ ಪಡೆದವರಲ್ಲಿ ಶೇ. 48, ಎರಡನ್ನೂ ಒಟ್ಟಿಗೆ ಪಡೆದವರಲ್ಲಿ ಶೇ. 33. ಈ ವ್ಯತ್ಯಾಸ ತಿಳಿದದ್ದು ಅಷ್ಟು ಜನರನ್ನು ದಿನ ಎಣಿಸಿ ಹಿಂಬಾಲಿಸಿದ್ದರಿಂದ.

ಹೋಗಲೇಬೇಕೆಂಬ ಕಡ್ಡಾಯವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಯಾವ ಹಂತದಲ್ಲಾದರೂ ಹಿಂದೆ ಸರಿಯಬಹುದು, ಅದರಿಂದ ಮುಂದಿನ ಚಿಕಿತ್ಸೆಗೆ ಅಡ್ಡಿಯಾಗಕೂಡದು. ಹೋಗುವ ಮನಸ್ಸಿದ್ದರೆ ಬಸ್ಸಿನ ಖರ್ಚು ಕೊಡುತ್ತೀರಾ, ಇಲ್ಲವೇ ಮನೆಗೇ ಬಂದು ರಕ್ತ ತೆಗೆಯುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ. ನಮ್ಮಲ್ಲಿ ಕೇಳಿದವರ ಮನೆಗೆ ನಾವು ಹೋಗಿದ್ದೇವೆ. ಜ್ವರ ಶುರುವಾದ ದಿನಾಂಕವನ್ನೂ, ಅದಕ್ಕೆ ಹಿಂದಿನ ಎರಡು ವಾರ ತಂದೆಯವರು ಯಾವ ತೋಟದಲ್ಲಿ, ಯಾವ ನೀರಿನಲ್ಲಿ ಕೆಲಸ ಮಾಡಿದರೆಂಬುದನ್ನೂ ಬರೆದುಕೊಳ್ಳಿ. ವಿಳಾಸದ ಜಾಗದಲ್ಲಿ 'ಕಾಸರಗೋಡು' ಎಂದಷ್ಟೇ ಬರೆದಿದ್ದರೆ ಅದನ್ನು ತಿದ್ದಿಸಿ, ಪಂಚಾಯತು ಮತ್ತು ವಾರ್ಡಿನ ಹೆಸರನ್ನು ಸೇರಿಸಲು ಹೇಳಿ.