ಬದಿಯಡ್ಕದ ಅಂಗಡಿ, ಉಪ್ಪಳದ ಬ್ರಾಂಚ್ ಎರಡನ್ನೂ ಒಂದೇ ಲ್ಯಾನ್ ಮಾಡ್ಲಿಕ್ಕೆ ಸ್ವಿಚ್ಚಲ್ಲಿ ಎಂತ ಸೆಟ್ ಮಾಡ್ಬೇಕು?

ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಸರ್ವರನ್ನು ಬ್ರಾಡ್‌ಕಾಸ್ಟ್ ಮಾಡಿಯೇ (ಲ್ಯಾನಲ್ಲಿ ಎಲ್ಲರಿಗೂ ಒಟ್ಟಿಗೆ ಕೂಗಿ) ಹುಡುಕ್ತದೆ, ಐಪಿ ಕೊಡ್ಲಿಕ್ಕೆ ಜಾಗವೇ ಇಲ್ಲ ಅಂತ ಬರ್ದಿದ್ದೀರಿ, ಹಾಗಿದ್ರೆ ಮಾತ್ರ ಬ್ರಿಡ್ಜ್ ಮಾಡಿ, ಅಂದ್ರೆ ಎರಡೂ ಕಡೆ ಸೇರಿಸಿ ಒಂದೇ ಲ್ಯಾನ್ ಮಾಡಿ. ಐಪಿ ಹಾಕ್ಲಿಕ್ಕೆ ಆಗ್ತದಾದ್ರೆ ಲ್ಯಾನ್ ಎರಡು ಬೇರೆಯೇ ಇಟ್ಟು ನಡುವೆ ಬರೀ ರೌಟಿಂಗ್ ಸಾಕು, ತಲೆಬಿಸಿ ಇಲ್ಲ.

ಸ್ವಿಚ್ಚಿನ ಕೆಲಸ ಇದ್ರಲ್ಲಿ ಸ್ವಲ್ಪವೇ ಇರೋದು. ಬಿಲ್ಲಿಂಗ್ ಕಂಪ್ಯೂಟರಿನ ಪೋರ್ಟುಗಳನ್ನು ವಿಲ್ಯಾನ್ (ಒಂದೇ ಸ್ವಿಚ್ಚಲ್ಲಿ ಬೇರೆ ಮಾಡಿದ ಲ್ಯಾನ್) 20ಕ್ಕೆ ಹಾಕಿ, ರೌಟರಿಗೆ ಹೋಗುವ ಪೋರ್ಟಲ್ಲಿ 20ನ್ನು ಟ್ಯಾಗ್ ಮಾಡಿ (ಪ್ಯಾಕೆಟಿಗೆ ಆ ನಂಬ್ರ ಅಂಟಿಸಿ), ಅಷ್ಟೇ. ಸಿಸಿಟಿವಿ, ವೈಫೈ ಇದೆಲ್ಲ ಆಚೆ ಕಡೆಗೆ ಹೋಗುವುದು ಬೇಡ.

ಉಳಿದದ್ದು ರೌಟರಲ್ಲಿ. ಎರಡೂ ಕಡೆ ಮೈಕ್ರೋಟಿಕ್ ರೌಟರ್ ಉಂಟಲ್ವಾ, ಮೊದಲು ವೈರ್‌ಗಾರ್ಡ್ (ಇಂಟರ್ನೆಟ್ ಮೇಲೆ ಎರಡು ಕಡೆ ಸೇರಿಸುವ ವಿಪಿಎನ್) ಹಾಕಿ, ಅದರ ಒಳಗಿಂದ ಇಒಐಪಿ ಟನಲ್ (ಲ್ಯಾನಿನ ಪ್ಯಾಕೆಟನ್ನು ಹಾಗೇ ಆಚೆ ಕಡೆಗೆ ಒಯ್ಯುವಂಥದ್ದು), ಟನಲ್ ಐಡಿ ಎರಡೂ ಕಡೆ ಒಂದೇ ಇರ್ಬೇಕು, ಮತ್ತೆ ಆ ಇಒಐಪಿಯನ್ನು ಬ್ರಿಡ್ಜಿಗೆ ಸೇರಿಸಿ ಪಿವಿಐಡಿ (ಆ ಪೋರ್ಟಿನ ವಿಲ್ಯಾನ್ ನಂಬ್ರ) 20 ಕೊಟ್ಟು ವಿಲ್ಯಾನ್ ಫಿಲ್ಟರಿಂಗ್ ಆನ್ ಮಾಡಿ. ಪಬ್ಲಿಕ್ ಐಪಿ ಒಂದು ಕಡೆ ಇದ್ರೆ ಸಾಕು, ಇನ್ನೊಂದು ಕಡೆ ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಪಬ್ಲಿಕ್ ಐಪಿ) ಆದ್ರೂ ವೈರ್‌ಗಾರ್ಡಿನ ಕೀಪ್‌ಅಲೈವ್ (ದಾರಿ ಮುಚ್ಚದ ಹಾಗೆ ಆಗಾಗ ಕಳಿಸುವ ಪ್ಯಾಕೆಟ್) 25 ಸೆಕೆಂಡ್ ಇಟ್ರೆ ನಡೀತದೆ.

ಇನ್ನು ಜನ ಸಿಕ್ಕಿಬೀಳುವುದು ಎಂಟಿಯುವಿನಲ್ಲಿ (ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರ್ಬಹುದು ಅನ್ನುವ ಮಿತಿ) ಮಾರಾಯ್ರೆ. ಪಿಂಗ್ ಚೆನ್ನಾಗಿ ಹೋಗ್ತದೆ, ಲಾಗಿನ್ ಸ್ಕ್ರೀನೂ ಬರ್ತದೆ, ಸ್ಟಾಕ್ ಲಿಸ್ಟ್ ತೆಗೆದ ಕೂಡ್ಲೆ ಹ್ಯಾಂಗ್. ವೈರ್‌ಗಾರ್ಡಿನ ಎಂಟಿಯು 1420, ಅದ್ರಲ್ಲಿ ಇಒಐಪಿ 42 ಬೈಟ್ ತಿಂದ್ರೆ ಉಳಿಯೋದು 1378, ಆದ್ರೆ ಕಂಪ್ಯೂಟರ್ ಕಳಿಸೋದು 1500. ನಡುವಲ್ಲಿ ರೌಟಿಂಗ್ ಇದ್ರೆ ರೌಟರ್ "ಪ್ಯಾಕೆಟ್ ದೊಡ್ಡದಾಯ್ತು" ಅಂತ ವಾಪಸ್ ಹೇಳ್ತದೆ, ಬ್ರಿಡ್ಜ್ ಹೇಳುವುದಿಲ್ಲ, ಸುಮ್ನೆ ಬಿಸಾಡ್ತದೆ. ಹಾಗಾಗಿ ಇಒಐಪಿ ಎಂಟಿಯು ಕೈಯಲ್ಲೇ 1500 ಅಂತ ಹಾಕಿ, ಡೋಂಟ್ ಫ್ರಾಗ್ಮೆಂಟ್ ಅನ್ನುವಲ್ಲಿ ನೋ ಇರ್ಲಿ, ಆಗ ರೌಟರೇ ತುಂಡು ಮಾಡಿ ಕಳಿಸಿ ಆಚೆ ಕಡೆ ಜೋಡಿಸ್ತದೆ. ಸ್ಪೀಡ್ ಸ್ವಲ್ಪ ಕಡಿಮೆ ಆಗ್ತದೆ, ಬಿಲ್ಲಿಂಗಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಎಂಟಿಯು ಆಟೋ ಬಿಟ್ರೆ ಇಡೀ ಬ್ರಿಡ್ಜಿನ ಎಂಟಿಯುವೇ ಕೆಳಗೆ ಇಳೀತದೆ, ಅದೊಂದು ಬೇರೆ ರಗಳೆ. ಕೊನೆಗೆ ವಿಂಡೋಸಿಂದ 1472 ಸೈಜಿನ (ಹೆಡರ್ ಸೇರಿ 1500) ಪಿಂಗ್ ಹೊಡೆದು ನೋಡಿ, ಉತ್ತರ ಬಂದ್ರೆ ಆಯ್ತು. ಇಒಐಪಿ ಬದಲು ವಿಎಕ್ಸ್‌ಲ್ಯಾನ್ (ಅದೇ ಥರದ ಇನ್ನೊಂದು ಟನಲ್) ಮಾಡಿ ಅಂತ ಯಾರಾದ್ರೂ ಹೇಳಿದ್ರೆ, ಅದ್ರ ಸ್ಟ್ಯಾಂಡರ್ಡಿನ ಪ್ರಕಾರ ಪ್ಯಾಕೆಟ್ ತುಂಡು ಮಾಡುವ ಹಾಗೇ ಇಲ್ಲ, ನಿಮ್ಮ ಲೈನಿಗೆ ಅದು ಬೇಡ.

ಡಿಎಚ್‌ಸಿಪಿ (ಕಂಪ್ಯೂಟರಿಗೆ ತಾನಾಗಿ ಐಪಿ ಕೊಡುವ ವ್ಯವಸ್ಥೆ) ಟನಲ್ ದಾಟದ ಹಾಗೆ ಬ್ರಿಡ್ಜ್ ಫಿಲ್ಟರಲ್ಲಿ ಅದರ ಯುಡಿಪಿ ಪೋರ್ಟ್ 67, 68 ಡ್ರಾಪ್ ಮಾಡಿ, ಇಲ್ಲದಿದ್ರೆ ಉಪ್ಪಳದ ಕಂಪ್ಯೂಟರ್ ಬದಿಯಡ್ಕದ ಗೇಟ್‌ವೇ ಹಿಡ್ಕೊಂಡು ಇಂಟರ್ನೆಟ್ಟಿಗೂ ಅಲ್ಲಿಗೇ ಹೋಗ್ತದೆ. ಆರ್‌ಎಸ್‌ಟಿಪಿ (ಲೂಪ್ ಆದ್ರೆ ಒಂದು ದಾರಿ ಮುಚ್ಚುವ ವ್ಯವಸ್ಥೆ) ಆನ್ ಇರ್ಲಿ, ಇಲ್ಲದಿದ್ರೆ ನಾಳೆ ಯಾರಾದ್ರೂ ಬ್ಯಾಕಪ್ಪಿಗೆ ಅಂತ ಎರಡನೇ ಟನಲ್ ಎಳೆದು ಲೂಪ್ ಆದ್ರೆ ಎರಡೂ ಅಂಗಡಿ ಒಟ್ಟಿಗೆ ಮಲಗ್ತದೆ.

ಒಂದು ಮಾತ್ರ ಮೊದಲೇ ನೋಡ್ಕೊಳ್ಳಿ. ಸಾಫ್ಟ್‌ವೇರ್ ಶೇರ್ ಫೋಲ್ಡರಿಂದ ಡೇಟಾ ಫೈಲನ್ನೇ ನೇರ ತೆರೆಯುವಂಥದ್ದಾದ್ರೆ ಇದ್ಯಾವುದೂ ಮಾಡ್ಬೇಡಿ, ಗುಡುಗಿಗೆ ಲೈನ್ ಹೋದ್ರೆ ಫೈಲ್ ಕರಪ್ಟ್ ಆಗ್ತದೆ. ಬದಿಯಡ್ಕದಲ್ಲೇ ಒಂದು ಕಂಪ್ಯೂಟರ್ ಇಟ್ಟು ಉಪ್ಪಳದವರು ಅದಕ್ಕೆ ರಿಮೋಟ್ ಡೆಸ್ಕ್‌ಟಾಪಲ್ಲಿ ಬಂದು ಬಿಲ್ ಹಾಕ್ಲಿ, ಅದಕ್ಕೆ ವೈರ್‌ಗಾರ್ಡ್ ಮಾತ್ರ ಸಾಕು.