ಕಾಯಿದ್ರಾಕ್ಷಿಯ ಹುಳಿರಸ: ತೆಗೆಯುವ ಹದ, ಕಾಪಿಡುವ ಕ್ರಮ

ಪ್ರಶ್ನೆ: ಉಡುಪಿಯ ನಮ್ಮ ಮನೆ ಟೆರೇಸಿನ ಚಪ್ಪರದಲ್ಲಿ ನೀಲಿ ದ್ರಾಕ್ಷಿ ಬಳ್ಳಿ ಇದೆ. ಗೊನೆ ತುಂಬ ಬಿಡುತ್ತದೆ. ಹಣ್ಣಾಗುವಾಗ ಅರ್ಧ ಕೊಳೆಯುತ್ತದೆ, ಉಳಿದದ್ದು ಹಕ್ಕಿಗಳ ಪಾಲು. ಕಾಯಿಯಲ್ಲೇ ಕೊಯ್ದು ಹುಳಿರಸ ಮಾಡಬಹುದಂತೆ, ಹೇಗೆ? ಹುಣಸೆಹುಳಿಯ ಬದಲಿಗೆ ಆದೀತೇ?

ಉತ್ತರ: ಧಾರಾಳವಾಗಿ ಮಾಡಬಹುದು. ಇರಾನ್, ಲೆಬನಾನ್, ಫ್ರಾನ್ಸಿನ ಅಡುಗೆಮನೆಗಳಲ್ಲಿ ಇದು ಹಳೆಯ ಸಾಮಾನು. ಎಲ್ಲ ಗೊನೆ ಕೊಯ್ಯಬೇಡಿ. ಒತ್ತಾಗಿರುವುದನ್ನು ತೆಗೆದರೆ ಉಳಿದವಕ್ಕೆ ಗಾಳಿ ಆಡಿ ಕೊಳೆಯೂ ಕಡಿಮೆಯಾಗುತ್ತದೆ.

ಹದ ಮುಖ್ಯ. ಕಾಯಿ ಬೆಳೆದು ದಪ್ಪವಾಗಿರಬೇಕು, ಹಿಚುಕಿದರೆ ಗಟ್ಟಿ ಇರಬೇಕು, ಗೊನೆಯಲ್ಲಿ ಒಂದಕ್ಕೂ ನೀಲಿ ತಿರುಗಿರಬಾರದು. ಬಣ್ಣ ತಿರುಗಿತೆಂದರೆ ಹುಳಿ ಬೇಗ ಇಳಿದು ಸಕ್ಕರೆ ಏರುತ್ತದೆ. ತೀರಾ ಎಳತು ಕೊಯ್ದರೆ ರಸಕ್ಕಿಂತ ಒಗರೇ ಹೆಚ್ಚು. ಅಕ್ಟೋಬರಿನಲ್ಲಿ ಸವರಿದ ಬಳ್ಳಿಯಾದರೆ ಜನವರಿ ಹೊತ್ತಿಗೆ ನೋಡಲು ಶುರು ಮಾಡಿ. ಅಡಿಕೆಗೆ ಬಿಡುವ ಬೋರ್ಡೋ ಮದ್ದನ್ನು ಬಳ್ಳಿಗೂ ಹೊಡೆದಿದ್ದು, ಕಾಯಿಯ ಮೇಲೆ ನೀಲಿ-ಬಿಳಿ ಕಲೆ ಕಂಡರೆ ಆ ಗೊನೆ ಬೇಡ. ಅದು ತಾಮ್ರ.

ತೊಟ್ಟು ಬಿಡಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ನೀರಾರಿಸಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ತಣ್ಣಗಿದ್ದರೆ ರಸ ಬೇಗ ಕಂದಾಗುವುದಿಲ್ಲ. ಮಿಕ್ಸಿಗೆ ಹಾಕಿ ಬಿಟ್ಟುಬಿಟ್ಟು ತಿರುಗಿಸಿ, ಸಿಪ್ಪೆ ಒಡೆದರೆ ಸಾಕು. ನುಣ್ಣಗೆ ರುಬ್ಬಿದರೆ ಬೀಜ ಪುಡಿಯಾಗಿ ಕಹಿ ಬಿಡುತ್ತದೆ, ಆಮೇಲೆ ಏನು ಮಾಡಿದರೂ ಹೋಗದು. ಒಗೆದ ತೆಳು ಬೈರಾಸಿನಲ್ಲಿ ಹಿಂಡಿ, ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಕಿಲೋ ಕಾಯಿಗೆ ಅರ್ಧ ಲೀಟರಿಗಿಂತ ತುಸು ಕಡಿಮೆ ಬರುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆ ಖಂಡಿತ ಬೇಡ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಇದರ ನಂತರ. ಎಷ್ಟೇ ಹುಳಿಯಾದರೂ ರಸದಲ್ಲಿ ಸ್ವಲ್ಪ ಸಕ್ಕರೆ ಇದ್ದೇ ಇರುತ್ತದೆ, ಸಿಪ್ಪೆಯ ಜೊತೆ ಯೀಸ್ಟ್ ಬಂದಿರುತ್ತದೆ. ನಮ್ಮ ಕರಾವಳಿಯ ಸೆಕೆಗೆ ಹೊರಗಿಟ್ಟ ಬಾಟಲಿ ಕೆಲವೇ ದಿನಗಳಲ್ಲಿ ನೊರೆಗಟ್ಟುತ್ತದೆ, ಬಿರಡೆ ಬಿಗಿಯಾಗಿದ್ದರೆ ಒಡೆಯಲೂಬಹುದು. ಚಮಚ ಉಪ್ಪು ಹಾಕಿದರೆ ಅದು ನಿಲ್ಲುವುದಿಲ್ಲ. ಐಸ್ ಟ್ರೇಗೆ ಹೊಯ್ದು ಗಟ್ಟಿ ಮಾಡಿ, ಬಿಲ್ಲೆಗಳನ್ನು ಡಬ್ಬದಲ್ಲಿ ಫ್ರೀಜರಿನಲ್ಲಿಡುವುದೇ ಒಳ್ಳೆಯದು. ಆರು ತಿಂಗಳು ಚೆನ್ನಾಗಿರುತ್ತದೆ. ಕಾಯಿಸಿ ಬಾಟಲಿಗೆ ತುಂಬಬಹುದಾದರೂ ಹಸಿರು ಪರಿಮಳ ಹೋಗಿ ಬೇಯಿಸಿದ ರುಚಿ ಬರುತ್ತದೆ.

ಇನ್ನು ಹುಣಸೆಯ ವಿಚಾರ. ಎರಡರಲ್ಲೂ ಟಾರ್ಟಾರಿಕ್ ಆಮ್ಲ ಇದೆ, ಹಾಗಾಗಿ ನಾಲಿಗೆಗೆ ಪರಕೀಯ ಅನಿಸುವುದಿಲ್ಲ. ಅಡಿಕೆ ಗಾತ್ರದ ಹುಣಸೆಹುಳಿಗೆ ಸುಮಾರು ಎರಡು ದೊಡ್ಡ ಚಮಚ ರಸ, ಒಂದು ಚಮಚ ಲಿಂಬೆರಸಕ್ಕೆ ಎರಡರಿಂದ ಎರಡೂವರೆ ಚಮಚ ಎಂದು ಶುರು ಮಾಡಿ, ರುಚಿ ನೋಡಿ ಏರಿಸಿ. ಆದರೆ ಹುಣಸೆಯ ಬಣ್ಣ, ಮಂದ ಇದಕ್ಕಿಲ್ಲ. ಬಂಗುಡೆ ಪುಳಿಮುಂಚಿಗೆ ಹಾಕಿದರೆ ಸಾರು ನೀರುನೀರಾಗಿ ಮಸಾಲೆ ಒಂದು ಕಡೆ, ಹುಳಿ ಒಂದು ಕಡೆ ಆಗುತ್ತದೆ. ಅಲ್ಲಿ ಹುಣಸೆಯೇ ಇರಲಿ. ಕೋಸಂಬರಿ, ಒಗ್ಗರಣೆ ಹಾಕಿದ ತೆಳು ಸಾರು, ಕಾಣೆ ಹುರಿಯುವ ಮೊದಲು ಹಚ್ಚುವ ಮೆಣಸಿನ ಮಸಾಲೆ, ಇವಕ್ಕೆ ಲಿಂಬೆಗಿಂತ ಸೌಮ್ಯವಾಗಿ ಹೊಂದುತ್ತದೆ. ಮೀನಿಗೆ ಹಚ್ಚಿ ಇಪ್ಪತ್ತು ನಿಮಿಷ ಸಾಕು, ಹೆಚ್ಚಾದರೆ ಮಾಂಸ ಪುಡಿಪುಡಿ. ಬೇಳೆ, ಬಟಾಟೆ ಬೆಂದ ಮೇಲೆಯೇ ಸೇರಿಸಿ. ಹುಳಿಯಲ್ಲಿ ಅವು ಬೇಯಲು ಹಟ ಮಾಡುತ್ತವೆ. ತೆಂಗಿನ ಹಾಲಿನ ಗಸಿಗಾದರೆ ಒಲೆಯಿಂದ ಇಳಿಸಿ ಹಾಕಿ, ಕುದಿಯುವಾಗ ಹಾಕಿದರೆ ಒಡೆಯುತ್ತದೆ.

ಪ್ರಶ್ನೆ: ಫ್ರಿಜ್ಜಿನಲ್ಲಿಟ್ಟ ರಸದ ತಳದಲ್ಲಿ ಗಾಜಿನ ಚೂರಿನಂತಹ ಹರಳು ಕಂಡಿತು. ಎಸೆಯಬೇಕೇ?

ಉತ್ತರ: ಬೇಡ. ತಂಪಿಗೆ ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಮ್ ಜೊತೆ ಸೇರಿ ಹರಳುಗಟ್ಟಿದೆ, ಅಷ್ಟೇ. ಸೋಸಿ ಬಳಸಿ. ಗುಳ್ಳೆ, ಹೆಂಡದ ವಾಸನೆ, ಮೇಲೆ ಬೂಷ್ಟು ಇದ್ದರೆ ಮಾತ್ರ ಚೆಲ್ಲಿ.

ಪ್ರಶ್ನೆ: ಮಂಗಳೂರಿನಲ್ಲಿ ನಮಗೆ ದ್ರಾಕ್ಷಿ ಬಳ್ಳಿ ಇಲ್ಲ, ಬಿಂಬುಳಿ ಮರ ಇದೆ. ಹೀಗೆಯೇ ರಸ ತೆಗೆದಿಡಬಹುದೇ?

ಉತ್ತರ: ಅಡುಗೆಗೆ ಚಮಚದ ಲೆಕ್ಕದಲ್ಲಿ ಆಗಬಹುದು. ಆದರೆ ಬಿಂಬುಳಿಯ ಹುಳಿ ಬಹುಪಾಲು ಆಕ್ಸಾಲಿಕ್ ಆಮ್ಲದ್ದು. ಅದರ ಹಸಿ ರಸವನ್ನು ಔಷಧಿಯೆಂದು ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರಿದ್ದಾರೆ. ಶರಬತ್ತಿಗೆ ಬೇಡ, ಮೂತ್ರಪಿಂಡದ ತೊಂದರೆ ಇರುವವರಿಗಂತೂ ಬೇಡವೇ ಬೇಡ. ಕಾಯಿಗಳನ್ನೇ ಉಪ್ಪಿನಲ್ಲಿ ಹಾಕಿಟ್ಟು, ಮೀನಿನ ಸಾರಿಗೆ ನಾಲ್ಕೈದು ಹಾಕಿಕೊಳ್ಳಿ.