ತುಳು ಮನೆ, ಕನ್ನಡ ಶಾಲೆ, ಮಲಯಾಳ ಫಾರ್ಮು

ಅವತ್ತು ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಬೆಲ್ ಹೊಡೆದಿತ್ತು. "ಮೊದಲೇ ಕಲಿಯೋಕೆ ಕಷ್ಟಪಡೋ ಮಕ್ಕಳು. ಇರೋದು ಕೇರಳದಲ್ಲಿ. ಸುಮ್ನೆ ಮಲಯಾಳ ಶಾಲೆಗೆ ಹಾಕಿಬಿಟ್ರೆ ಸುಲಭ ಅಲ್ವಾ? ಕನ್ನಡ ಅಂತ ಹಟ ಹಿಡಿದು ಅವರಿಗ್ಯಾಕೆ ತೊಂದರೆ ಕೊಡ್ತೀರಿ?" ಅಂದೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅದು ಗೊತ್ತು. ಆದರೂ ನೋವಾಯಿತು ಮಾರಾಯ್ತಿ. ಬೆಂಗಳೂರಿನಿಂದ ನೋಡಿದರೆ ನಾವು ಹಟ ಹಿಡಿದವರ ಹಾಗೆ ಕಾಣುತ್ತೇವೋ ಏನೋ.

ನಾವು ಎಲ್ಲಿಗೂ ಹೋದವರಲ್ಲ. 1956ರ ನವೆಂಬರ್ 1ರಂದು ಗೆರೆ ಬಿತ್ತು, ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕದ ಕಡೆಗೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ನಾನು ಕಲಿಸುವ ಈ ಕನ್ನಡ ಶಾಲೆ ಮಾತ್ರ ಇದ್ದಲ್ಲೇ ಇದೆ. ಅಜ್ಜ ಕಲಿತ ಶಾಲೆಗೇ ಮೊಮ್ಮಗಳು ಬರುತ್ತಾಳೆ. ನನ್ನ ಕ್ಲಾಸಿನಲ್ಲಿ ತುಳು ಮನೆಯ ಮಕ್ಕಳಿದ್ದಾರೆ, ಹವ್ಯಕ ಕನ್ನಡ, ಬ್ಯಾರಿ, ಮರಾಠಿ, ಕೊಂಕಣಿ ಮಾತಾಡುವವರೂ ಇದ್ದಾರೆ. ಸಪ್ತಭಾಷೆಗಳ ನಾಡು ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ನಮಗೆ ಅದು ದಿನಾ ಬೆಳಗ್ಗಿನ ಹಾಜರಿ. ಇವರಿಗೆಲ್ಲ ಓದಲು ಬರೆಯಲು ಸೇರುವ ಭಾಷೆ ಕನ್ನಡ. ಅದು ಯಾರೂ ಹೇರಿದ್ದಲ್ಲ.

ವಿಶೇಷ ಅಗತ್ಯದ ಮಕ್ಕಳೂ ಇದೇ ಕ್ಲಾಸಿನಲ್ಲಿ ಕೂರುತ್ತಾರೆ. ಅದು ನಮ್ಮ ಉಪಕಾರ ಅಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಅದನ್ನೇ ಹೇಳುತ್ತದೆ. ಅಂಗವೈಕಲ್ಯದ ಪಟ್ಟಿ 7ರಿಂದ 21ಕ್ಕೆ ಏರಿದ್ದೂ ಆಗಲೇ. ಆಟಿಸಂ, ಕಲಿಕೆಯ ತೊಂದರೆ, ಮಾತಿನ ತೊಂದರೆ ಎಲ್ಲ ಅದರಲ್ಲಿ ಸೇರಿವೆ. ನಮ್ಮ ಜಿಲ್ಲೆಗೆ ಇದರಲ್ಲಿ ಇನ್ನೊಂದು ನೋವೂ ಇದೆ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಕಡೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ನೇ ಇಸವಿಯವರೆಗೂ ನಡೆಯಿತು. ಅಂಗವಿಕಲ ಮಗು ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಪ್ರತಿ ಕೇರಿಗೂ ಆ ಮಗು ಗೊತ್ತು, ಅದರ ಅಮ್ಮನೂ ಗೊತ್ತು.

ಕ್ಲಾಸಿನ ಒಳಗಿನ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾವು ಅದನ್ನು ಹೇಗಾದರೂ ಮಾಡಿಕೊಳ್ಳುತ್ತೇವೆ. ಕಿವಿ ಕಡಿಮೆ ಕೇಳುವ ಹುಡುಗಿ ನನ್ನ ತುಟಿ ಕಾಣುವ ಬೆಂಚಿನಲ್ಲಿ ಕೂರುತ್ತಾಳೆ, ನಾನು ಬೋರ್ಡಿನ ಕಡೆ ತಿರುಗಿ ಮಾತಾಡುವುದಿಲ್ಲ. ಗದ್ದಲ ತಡೆಯಲಾರದ ಹುಡುಗನಿಗೆ ಬೆಲ್ ಹೊಡೆಯುವ ಮೊದಲೇ ಕೈ ಸನ್ನೆ ಮಾಡುತ್ತೇನೆ, ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಉಳಿದವರು ನೂರರವರೆಗೆ ಕೂಡುವಾಗ ಒಬ್ಬ ಹುಣಸೆ ಬೀಜ ಇಟ್ಟುಕೊಂಡು ಹತ್ತರವರೆಗೆ ಕೂಡುತ್ತಾನೆ. ಪಾಠ ಒಂದೇ, ಏರಬೇಕಾದ ಮೆಟ್ಟಿಲು ಬೇರೆ. ಶಾಲೆಗೆ ಬರಲಾಗದೆ ಮನೆಯಲ್ಲೇ ಇರುವ ಮಕ್ಕಳನ್ನು ನೋಡಲು ಕ್ಲಾಸಿನವರೇ ಹೋಗುತ್ತಾರೆ. ಇಲ್ಲಿ ಅದಕ್ಕೆ ಚಙ್ಙಾದಿಕ್ಕೂಟ್ಟಂ ಅಂತ ಹೆಸರು. ಗೆಳೆಯರ ಗುಂಪು ಹಾಡಿ, ಆಡಿ ಬರುತ್ತದೆ. ಕೇರಳ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು, ಅದನ್ನು ಮನಸಾರೆ ಹೇಳುತ್ತೇನೆ.

ನಾವು ಹೆಣಗುವುದು ಬೇರೆ ಜಾಗದಲ್ಲಿ. ಈ ಮಗುವಿಗೆ ಏನು ತೊಂದರೆ, ಎಷ್ಟು ತೊಂದರೆ ಎಂದು ಅಳೆಯುವವರಿಗೆ ಮಗುವಿನ ಭಾಷೆ ಬರುವುದಿಲ್ಲ.

ಬ್ಲಾಕಿನಿಂದ ವಾರಕ್ಕೊಮ್ಮೆ ಸ್ಪೆಷಲ್ ಟೀಚರ್ ಬರುತ್ತಾರೆ. ಹಲವು ಶಾಲೆಗಳನ್ನು ನೋಡಿಕೊಳ್ಳುವ ಗುತ್ತಿಗೆ ಕೆಲಸ ಅವರದು. ಬರುವವರು ಹೆಚ್ಚಾಗಿ ತೆಂಕಣ ಜಿಲ್ಲೆಗಳವರು, ಒಳ್ಳೆಯವರು, ಬಸ್ಸಿನಲ್ಲಿ ನಿಂತುಕೊಂಡು ಬಂದು ನಗುತ್ತಲೇ ಮಕ್ಕಳ ಹತ್ತಿರ ಕೂರುತ್ತಾರೆ. ಆದರೆ ಕನ್ನಡ ಗೊತ್ತಿಲ್ಲ, ತುಳುವಂತೂ ಇಲ್ಲವೇ ಇಲ್ಲ. ಮಾತಿನ ತರಬೇತಿಯವರದೂ ಇದೇ ಕಥೆ.

ನನ್ನ ಕ್ಲಾಸಿನ ಒಬ್ಬ ಹುಡುಗ ಇದ್ದಾನೆ. ಬುದ್ಧಿ ಬೆಳವಣಿಗೆ ನಿಧಾನ, ಮಾತೂ ತಡ. ಅವನನ್ನು ಪರೀಕ್ಷೆ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಮೇಜಿನ ಮೇಲೆ ಚಿತ್ರದ ಕಾರ್ಡುಗಳು, ಒಂದು ಕೊಡೆ, ಒಂದು ಚೆಂಡು. ಕೊಡೆ ತೆಗೆದುಕೋ, ಬಾಗಿಲ ಹಿಂದೆ ಇಡು ಎಂದು ಮಲಯಾಳದಲ್ಲಿ ಹೇಳಿದರು. ಎರಡು ಹೆಜ್ಜೆಯ ಸೂಚನೆ ಅರ್ಥವಾಗುತ್ತದಾ ಎಂದು ನೋಡುವ ಪ್ರಶ್ನೆ ಅದು. ಹುಡುಗ ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಅಂಗಿಯ ಗುಂಡಿ ತಿರುವುತ್ತ ಕೂತ. ಅವರು ಇನ್ನೊಮ್ಮೆ, ನಿಧಾನವಾಗಿ, ಜೋರಾಗಿ ಹೇಳಿದರು. ಅವನು ಹೆದರಿದ. ಫಾರ್ಮಿನಲ್ಲಿ ಇಲ್ಲ ಎಂಬ ಕಡೆ ಗುರುತು ಬಿತ್ತು. ನಾನು ಅದೇ ಮಾತನ್ನು ತುಳುವಿನಲ್ಲಿ ಹೇಳಿದೆ. ಎದ್ದ, ಕೊಡೆ ತೆಗೆದುಕೊಂಡ, ಬಾಗಿಲ ಹಿಂದೆ ಒರಗಿಸಿಟ್ಟ. ವಾಪಸ್ ಬಂದು ಚೆಂಡನ್ನೂ ಇಡಲಾ ಎಂದು ಕೇಳಿದ.

ಗುರುತು ಬದಲಾಗಲಿಲ್ಲ. ಪರೀಕ್ಷೆ ಮಾಡುವವರು ಕೇಳಿದ್ದು ಮಾತ್ರ ಲೆಕ್ಕ, ಪಕ್ಕದವರು ಹೇಳಿಕೊಟ್ಟದ್ದು ಲೆಕ್ಕಕ್ಕಿಲ್ಲ. ಅವರ ನಿಯಮ ನನಗೆ ಅರ್ಥವಾಗುತ್ತದೆ. ಆದರೆ ಆ ಕಾಗದ ಮುಂದಿನ ವರ್ಷವೂ ಅವನ ಜೊತೆ ಹೋಗುತ್ತದೆ. ಮಗುವನ್ನು ಕೂರಿಸಿಯೇ ಎತ್ತರ ಅಳೆದು ಕುಳ್ಳ ಎಂದು ಬರೆದ ಹಾಗೆ.

ಇದರಲ್ಲಿ ಎರಡು ಕಡೆಯಿಂದಲೂ ಪೆಟ್ಟು. ತೊಂದರೆ ಇಲ್ಲದ ಮಗುವಿಗೆ ತೊಂದರೆ ಇದೆ ಎಂದು ಬರೆಯಬಹುದು. ನಿಜವಾಗಿ ತೊಂದರೆ ಇರುವ ಮಗುವನ್ನು "ಅದಕ್ಕೆ ಭಾಷೆ ಬಾರದ್ದಷ್ಟೇ" ಎಂದು ಬಿಟ್ಟುಬಿಡಬಹುದು. ಎರಡನೆಯದು ಇನ್ನೂ ಅಪಾಯ. ಮಗುವಿಗೆ ಮನೆಯ ಭಾಷೆಯಲ್ಲೂ ತೊಡಕಿದ್ದರೆ ಅದು ಮಾತಿನ ತೊಂದರೆ. ಹೊಸ ಭಾಷೆಯಲ್ಲಿ ಮಾತ್ರ ತೊಡಕಿದ್ದರೆ ಅದು ಕಲಿಯಲು ಬೇಕಾದ ಸಮಯ ಅಷ್ಟೇ. ಮನೆಯ ಭಾಷೆಯಲ್ಲಿ ಕೇಳದೆ ಇದನ್ನು ಬೇರ್ಪಡಿಸಲು ಆಗುವುದೇ ಇಲ್ಲ.

ಸಾಲದ್ದಕ್ಕೆ ಒಂದು ಸಲಹೆ ಬೇರೆ. "ಮನೆಯಲ್ಲಿ ತುಳು ಬಿಡಿ, ಒಂದೇ ಭಾಷೆ ಮಾತಾಡಿ, ಮಗುವಿಗೆ ಗೊಂದಲ ಆಗ್ತದೆ." ಎರಡು ಭಾಷೆ ಕೇಳಿದ್ದರಿಂದ ಯಾವ ಮಗುವಿನ ಮಾತೂ ತಡವಾಗುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳೂ ಆಟಿಸಂ ಇರುವ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ. ಈ ಸಲಹೆ ಕೇಳಿ ಬಂದ ಒಬ್ಬ ಅಮ್ಮ ಮಗುವಿನ ಹತ್ತಿರ ಮಾತನ್ನೇ ಕಡಿಮೆ ಮಾಡಿದ್ದಳು. ಬೀಡಿ ಕಟ್ಟುತ್ತ ದಿನವಿಡೀ ತುಳುವಿನಲ್ಲಿ ಅದು ಇದು ಹೇಳುತ್ತಿದ್ದವಳು. "ಎಂತ ಮಾತಾಡುವುದು ಟೀಚರ್, ನನಗೆ ಬರುವ ಮಲಯಾಳ ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟೇ" ಎಂದಳು. ಆ ಮಗು ಅತಿ ಹೆಚ್ಚು ಮಾತು ಕೇಳುತ್ತಿದ್ದದ್ದು ಅಮ್ಮನ ಬಾಯಿಂದ. ಅದನ್ನೇ ಔಷಧಿ ಅಂತ ಹೇಳಿ ನಿಲ್ಲಿಸಿದ್ದರು. ಆವತ್ತು ಅವಳಿಗೆ ತುಳುವಿನಲ್ಲೇ ಮಾತಾಡಕ್ಕ, ಜಗಳ ಬೇಕಾದರೂ ಆಡು, ಸುಮ್ಮನೆ ಮಾತ್ರ ಇರಬೇಡ ಎಂದೆ.

ಇನ್ನು ನೀನು ಹೇಳಿದ ಸುಲಭದ ದಾರಿ. ಆ ಹುಡುಗನನ್ನು ಮಲಯಾಳ ಶಾಲೆಗೆ ಹಾಕಿದರೆ ಅವನಿಗೆ ಅಕ್ಷರವೂ ಹೊಸದು, ಮಾತೂ ಹೊಸದು, ಗೆಳೆಯರೂ ಹೊಸಬರು. ಕಲಿಯಲು ಅತಿ ಕಷ್ಟಪಡುವ ಮಗುವಿನ ತಲೆಯ ಮೇಲೆ ಅತಿ ದೊಡ್ಡ ಹೊರೆ ಇಡುವುದು ಯಾವ ಸುಲಭ ಹೇಳು? ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಬೇಕು ಎಂದು ಸಂವಿಧಾನದ 350ಎ ವಿಧಿಯಲ್ಲೇ ಇದೆ. ಅದು ಚುರುಕಾದ ಮಕ್ಕಳಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ.

ಮಂಗಳೂರಿಗೆ ಹೋಗಿ ಎನ್ನುತ್ತೀಯಾ? ಹೋಗುತ್ತೇವೆ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ರಾಜಧಾನಿ ತಿರುವನಂತಪುರ 500ಕ್ಕೂ ಜಾಸ್ತಿ. ಕಾಯಿಲೆ ಬಂದರೆ ನಮ್ಮ ಕಾಲು ತಾನಾಗಿ ತಲಪಾಡಿ ಗಡಿ ದಾಟುತ್ತದೆ. ಅಲ್ಲಿ ತುಳುವಿನಲ್ಲೇ ಮಾತಾಡಿಸಿ ವರದಿ ಬರೆಯುತ್ತಾರೆ, ಅದನ್ನು ಓದಿದರೆ ನಮ್ಮ ಮಗುವೇ ಕಾಣುತ್ತದೆ. ಆದರೆ ಇಲ್ಲಿನ ಸವಲತ್ತಿಗೆ ಇಲ್ಲಿನ ಮೆಡಿಕಲ್ ಬೋರ್ಡು ಮತ್ತೆ ನೋಡಬೇಕು, ಅಂಗವೈಕಲ್ಯ ಕಡಿಮೆಯೆಂದರೂ ಶೇಕಡಾ 40 ಇದೆ ಎಂದು ಅವರೇ ಬರೆಯಬೇಕು. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆ ದಾರಿಯೂ ಇಲ್ಲವಾಯಿತು. ಆಗ ಕನ್ನಡಿಗರು ಅಂತ ನಮ್ಮನ್ನು ಯಾರೂ ಒಳಗೆ ಬಿಡಲಿಲ್ಲ. ಇಲ್ಲಿ ನಾವು ಕನ್ನಡದವರು, ಅಲ್ಲಿ ಕೇರಳದವರು. ಇದನ್ನು ನಿನ್ನ ಹತ್ತಿರ ಹೇಳದೆ ಇನ್ನು ಯಾರ ಹತ್ತಿರ ಹೇಳಲಿ.

ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ಟ್ರನ್ನು ಹಾಕಿದಾಗ ಇಲ್ಲಿ ಮಕ್ಕಳು, ಹೆತ್ತವರು ಸೇರಿ ಗೇಟಿನ ಮುಂದೆ ಕೂತದ್ದುಂಟು. ಪೇಪರಿನಲ್ಲೂ ಬಂದಿತ್ತು. ಸ್ಪೆಷಲ್ ಟೀಚರಿಗಾಗಿ ಹಾಗೆ ಕೂರುವಷ್ಟು ಜನ ನಮ್ಮಲ್ಲಿಲ್ಲ. ಒಂದು ಶಾಲೆಗೆ ಇಬ್ಬರೋ ಮೂವರೋ ಅಂಥ ಮಕ್ಕಳು, ಅವರ ಅಮ್ಮಂದಿರಿಗೆ ಒಂದು ದಿನದ ಕೂಲಿ ಬಿಡುವುದೇ ಕಷ್ಟ. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ಅವರಿಗೆ ಮಕ್ಕಳ ಮಾತು ಗೊತ್ತಿರಬೇಕು ಎನ್ನುವುದನ್ನು ನಾವೇ ಕೇಳಿ ಪಡೆಯಬೇಕಾಗಿದೆ. ಪ್ರತಿ ಪಿಟಿಎ ಮೀಟಿಂಗಿನಲ್ಲಿ ಬರೆದು ಕೊಡುತ್ತೇವೆ, ಕನ್ನಡದಲ್ಲಿ ಒಂದು ಪ್ರತಿ, ಮಲಯಾಳದಲ್ಲಿ ಒಂದು ಪ್ರತಿ.

ನಿನ್ನಿಂದ ಒಂದು ಕೆಲಸ ಆಗಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತ ಪರಿಚಯದವರು ನಿನಗೆ ಇದ್ದಾರೆ ಅಲ್ವಾ. ಅವರಲ್ಲಿ ತುಳು, ಕನ್ನಡ ಎರಡೂ ಬರುವವರು ಮಂಗಳೂರಿನ ಕಡೆ ಯಾರಾದರೂ ಇದ್ದರೆ ಕೇಳಿ ನೋಡು. ತಿಂಗಳಿಗೆ ಒಂದು ಶನಿವಾರ ಬಂದರೂ ಸಾಕು, ಬಸ್ಸಿನಿಂದ ಇಳಿಸಿಕೊಂಡು ಬರಲು ಜನ ಕಳಿಸುತ್ತೇನೆ, ಊಟ ನಮ್ಮ ಮನೆಯಲ್ಲಿ. ಅವರು ಮಕ್ಕಳ ಹತ್ತಿರ ಮಾತಾಡಲಿ. ಮಲಯಾಳದ ಫಾರ್ಮು ತುಂಬುವುದನ್ನು ನಾನು ನೋಡಿಕೊಳ್ಳುತ್ತೇನೆ.